ಬಿಟ್ಟು ಹೊರಟವರ ಲೆಕ್ಕ

ವ್ಯಾಪಾರ ಒಕ್ಕೂಟಗಳ ಕುರಿತ ಶಾಸ್ತ್ರ ಬಹುಕಾಲ ಸೇರುವವರ ಶಾಸ್ತ್ರವಾಗಿಯೇ ಬೆಳೆಯಿತು. ಸುಂಕ ಒಕ್ಕೂಟದಿಂದ ಹೊಸ ವ್ಯಾಪಾರ ಹುಟ್ಟುವುದೂ ಉಂಟು, ಅಗ್ಗಕ್ಕೆ ಮಾರುವ ಹೊರಗಿನವರನ್ನು ಬಿಟ್ಟು ದುಬಾರಿಯಾದರೂ ಒಳಗಿನವರಿಂದಲೇ ಕೊಳ್ಳುವಂತಾಗುವುದೂ ಉಂಟು ಎಂದು ಜೇಕಬ್ ವೈನರ್ 1950ರಲ್ಲಿ ತೋರಿಸಿದರು. ಕಲ್ಲಿದ್ದಲು, ಉಕ್ಕಿನ ವಿಷಯದಲ್ಲಿ ಕೂಡಿದವರು ಕ್ರಮೇಣ ಉಳಿದ ಬಾಬತ್ತುಗಳಲ್ಲೂ ಕೂಡಬೇಕಾಗುತ್ತದೆ ಎಂಬುದು 1958ರಲ್ಲಿ ಎರ್ನ್‌ಸ್ಟ್ ಹಾಸ್ ಮಂಡಿಸಿದ ವಾದ. 1961ರಲ್ಲಿ ಬೇಲಾ ಬಲಾಸಾ ಮುಕ್ತ ವ್ಯಾಪಾರ ವಲಯದಿಂದ ಪೂರ್ಣ ಏಕೀಕರಣದವರೆಗೆ ಐದು ಹಂತಗಳನ್ನು ಹೆಸರಿಸಿದರು. ಮೂವರ ಕಣ್ಣೂ ಮುಂದಿನ ಹಂತದ ಮೇಲೆ. ಯುರೋಪಿನ ಆರ್ಥಿಕ ಸಮುದಾಯ ಕಟ್ಟಿದ 1957ರ ರೋಮ್ ಒಪ್ಪಂದ ಬರೆದವರೂ ಹಾಗೆಯೇ: ಒಪ್ಪಂದಕ್ಕೆ ಕಾಲಮಿತಿಯಿಲ್ಲ ಎಂದು ಬರೆದರು, ಬಿಡುವುದು ಹೇಗೆಂದು ಬರೆಯಲಿಲ್ಲ.

ಅದನ್ನು ಬರೆದಿಟ್ಟವರು ಲ್ಯಾಟಿನ್ ಅಮೆರಿಕದವರು. 1969ರ ಆಂಡಿಯನ್ ಒಪ್ಪಂದದಲ್ಲಿ ಹೊರಡುವ ಕಲಮು ಇತ್ತು. ಹೊರಟ ಮೇಲೂ ಸುಂಕದ ರಿಯಾಯಿತಿ ಐದು ವರ್ಷ ನಡೆಯಬೇಕೆಂಬ ಮಾತೂ ಇತ್ತು. ವಿದೇಶಿ ಬಂಡವಾಳಕ್ಕೆ ಹಾಕಿದ ಕಡಿವಾಣ ಬೇಡವೆಂದು ಪಿನೊಷೆ ಆಳ್ವಿಕೆಯ ಚಿಲಿ 1976ರಲ್ಲಿ ಹೊರಬಂತು. ಕೊಲಂಬಿಯಾ ಮತ್ತು ಪೆರು ಅಮೆರಿಕದ ಜೊತೆ ಒಪ್ಪಂದಕ್ಕಿಳಿದವೆಂದು 2006ರಲ್ಲಿ ವೆನೆಜುವೆಲಾದ ಹ್ಯೂಗೋ ಚಾವೆಸ್ ಹೊರನಡೆದರು. ರಿಯಾಯಿತಿ ಕಾಗದದ ಮೇಲೆ 2011ರವರೆಗೂ ಜೀವಂತವಾಗಿತ್ತು. ಆದರೆ 2009ರಲ್ಲಿ ಕೊಲಂಬಿಯಾ ತನ್ನ ಸೇನಾ ನೆಲೆಗಳಿಗೆ ಅಮೆರಿಕವನ್ನು ಬಿಟ್ಟುಕೊಳ್ಳಲು ಹೊರಟಾಗ ಚಾವೆಸ್ ವ್ಯಾಪಾರಕ್ಕೇ ತಡೆ ಹಾಕಿದರು. ಕಲಮು ಇದ್ದೂ ಕೈಗೆ ಬರಲಿಲ್ಲ.

ಪೂರ್ವ ಆಫ್ರಿಕಾದ ಪ್ರಕರಣ ಇನ್ನೂ ತೊಡಕಿನದು. ಕೆನ್ಯಾ, ಉಗಾಂಡ, ಟಾಂಜಾನಿಯಾ 1967ರಲ್ಲಿ ಕಟ್ಟಿಕೊಂಡ ಸಮುದಾಯಕ್ಕೆ ಸುಂಕವಷ್ಟೇ ಅಲ್ಲ, ರೈಲು, ಬಂದರು, ಅಂಚೆ, ವಿಮಾನ ಸೇವೆ ಎಲ್ಲವೂ ಒಂದೇ. ಲಾಭವೆಲ್ಲ ಕೆನ್ಯಾಕ್ಕೆ ಹೋಗುತ್ತಿದೆ ಎಂಬ ಅಸಮಾಧಾನ ಮೊದಲಿಂದಲೂ ಇತ್ತು. 1971ರಲ್ಲಿ ಉಗಾಂಡದಲ್ಲಿ ಇದಿ ಅಮೀನ್ ಅಧಿಕಾರ ಹಿಡಿದ ಮೇಲೆ ಟಾಂಜಾನಿಯಾದ ಅಧ್ಯಕ್ಷ ನ್ಯೆರೆರೆ ಆತನ ಜೊತೆ ಒಂದು ಸಭೆಗೂ ಕೂರಲೊಪ್ಪಲಿಲ್ಲ. 1977ರಲ್ಲಿ ಸಮುದಾಯ ಒಡೆಯಿತು. ಅವಿಭಕ್ತ ಕುಟುಂಬದ ಪಾಲಿನಲ್ಲಿ ಆಗುವಂತೆ ಜಗಳ ಕೊನೆಗೆ ಬಂದು ನಿಂತದ್ದು ಎಂಜಿನ್, ಕಟ್ಟಡ, ಸಾಲ, ಪಿಂಚಣಿಗಳ ಮೇಲೆ. ಸ್ವಿಟ್ಜರ್ಲೆಂಡಿನ ವಿಕ್ಟರ್ ಉಂಬ್ರಿಕ್ಟ್ ಮಧ್ಯಸ್ಥರಾಗಿ ಪಾಲು ಮುಗಿಸುವಷ್ಟರಲ್ಲಿ 1984 ಬಂದಿತ್ತು. ಹತ್ತು ವರ್ಷ ಬಾಳಿದ ಸಂಸಾರಕ್ಕೆ ಏಳು ವರ್ಷದ ಪಾಲು! ವಿಚಿತ್ರವೆಂದರೆ ಮುಂದೆ ಮತ್ತೆ ಕೂಡುವ ದಾರಿ ಹುಡುಕುತ್ತೇವೆ ಎಂದು ಆ ಪಾಲುಪತ್ರದಲ್ಲೇ ಬರೆದಿದ್ದರು. 1999ರಲ್ಲಿ ಹೊಸ ಒಪ್ಪಂದಕ್ಕೆ ಸಹಿಯೂ ಬಿತ್ತು.

ಯುರೋಪಿಗೆ ಮೊದಲ ಪಾಠ ಕಲಿಸಿದ್ದು ಸುಮಾರು 50 ಸಾವಿರ ಜನರ ಗ್ರೀನ್‌ಲೆಂಡ್. 1972ರಲ್ಲಿ ಅಲ್ಲಿಯವರು ಭಾರೀ ಬಹುಮತದಿಂದ ಬೇಡವೆಂದರೂ ಡೆನ್ಮಾರ್ಕಿನ ಜೊತೆಗೆ ಯುರೋಪಿನ ಸಮುದಾಯದೊಳಗೆ ಸೇರಬೇಕಾಯಿತು. ಸ್ವಯಮಾಡಳಿತ ಸಿಕ್ಕ ಮೇಲೆ 1982ರಲ್ಲಿ ಜನಮತಗಣನೆ ನಡೆಸಿ, 1985ರ ಫೆಬ್ರುವರಿ 1ರಂದು ಹೊರಬಂದರು. ಮಾತುಕತೆಯ ಮುಖ್ಯ ಸರಕು ಒಂದೇ, ಮೀನು. ಆದರೂ ಹಿಡಿದದ್ದು ಮೂರು ವರ್ಷ. ಕೊನೆಗೆ ಯುರೋಪಿನ ದೋಣಿಗಳಿಗೆ ತಮ್ಮ ಸಮುದ್ರವನ್ನು ಹಣಕ್ಕೆ ತೆರೆದುಕೊಟ್ಟು, ತಮ್ಮ ಮೀನಿಗೆ ಸುಂಕವಿಲ್ಲದ ಮಾರುಕಟ್ಟೆ ಉಳಿಸಿಕೊಂಡರು. ಬಿಡುವವರು ಬಯಸುವುದು ಬೇರ್ಪಡೆಯನ್ನಲ್ಲ, ಹಳೆಯ ನೆರೆಯವರ ಜೊತೆ ಹೊಸ ಕರಾರನ್ನು ಎಂಬುದು ಅಲ್ಲೇ ಕಾಣುತ್ತಿತ್ತು. ಚಿಕ್ಕವರ ಪ್ರಕರಣವೆಂದು ಯಾರೂ ಹೆಚ್ಚು ಗಮನ ಕೊಡಲಿಲ್ಲ.

2009ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಲಿಸ್ಬನ್ ಒಪ್ಪಂದದ 50ನೇ ವಿಧಿ ಹೊರಡುವವರಿಗೆ ಎರಡು ವರ್ಷದ ಗಡುವು ಕೊಟ್ಟಿತು. ಅದರ ಕರಡಿನಲ್ಲಿ ದೊಡ್ಡ ಕೈ ಬ್ರಿಟನ್ನಿನ ರಾಜತಾಂತ್ರಿಕ ಜಾನ್ ಕೆರ್ ಅವರದು. ತಮ್ಮದೇ ದೇಶ ಅದನ್ನು ಬಳಸೀತೆಂದು ಅವರು ಎಣಿಸಿರಲಿಲ್ಲ. ಗಡಿಯಾರ ಓಡತೊಡಗಿದ ಮೇಲೆ ಅವಸರ ಹೊರಡುವವರಿಗೇ ಹೊರತು ಉಳಿದವರಿಗಲ್ಲ, ಆ ವಿಧಿಯ ಮರ್ಮ ಇದು.

ಬ್ರಿಟನ್ನಿನ ಎಡವಟ್ಟು ಶುರುವಾದದ್ದು ಪ್ರಶ್ನೆಪತ್ರಿಕೆಯಿಂದಲೇ. 2016ರ ಜೂನ್ 23ರಂದು ಮತದಾರರಿಗೆ ಕೇಳಿದ್ದು ಐರೋಪ್ಯ ಒಕ್ಕೂಟದಲ್ಲಿ ಉಳಿಯುವುದೇ, ಅದನ್ನು ಬಿಡುವುದೇ ಎಂದಷ್ಟೇ. ಬಿಟ್ಟು ಎಲ್ಲಿಗೆ ಹೋಗುವುದೆಂದಲ್ಲ. ನಾರ್ವೆಯಂತೆ ಏಕ ಮಾರುಕಟ್ಟೆಯಲ್ಲಿ ಉಳಿಯುವುದೇ, ಕೆನಡಾದಂತೆ ಬರೀ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವುದೇ ಎಂಬ ಜಗಳ, ಬಿಡುವ ಪಕ್ಷ 51.9 ಶೇಕಡಾ ಮತದಿಂದ ಗೆದ್ದ ಮೇಲೆ ಹತ್ತಿಕೊಂಡಿತು. ಏಕ ಮಾರುಕಟ್ಟೆಯೂ ಬೇಡ, ಸುಂಕ ಒಕ್ಕೂಟವೂ ಬೇಡ ಎಂದು 2017ರ ಜನವರಿಯಲ್ಲಿ ಪ್ರಧಾನಿ ತೆರೇಸಾ ಮೇ ಘೋಷಿಸಿದರು. ಹಾಗಾದರೆ ಸುಮಾರು 500 ಕಿಲೋಮೀಟರ್ ಉದ್ದದ ಐರ್ಲೆಂಡ್ ಗಡಿಯಲ್ಲಿ ತಪಾಸಣೆ ಬೇಕಾಗುತ್ತದೆ. ಉತ್ತರ ಐರ್ಲೆಂಡಿನ 1998ರ ಶಾಂತಿ ಒಪ್ಪಂದದ ನಂತರ ಅದು ಯಾರಿಗೂ ಬೇಡ. ಗಡಿಯನ್ನು ನೆಲದ ಮೇಲೆ ಎಳೆಯಬೇಕು, ಇಲ್ಲವೇ ಬ್ರಿಟನ್ನಿಗೂ ಉತ್ತರ ಐರ್ಲೆಂಡಿಗೂ ನಡುವಿನ ಸಮುದ್ರದ ಮೇಲೆ. ಮೂರನೆಯ ದಾರಿಗಾಗಿ ನಡೆದ ಹುಡುಕಾಟದಲ್ಲಿ ಸರ್ಕಾರದ ಕರಾರು 2019ರ ಜನವರಿಯಲ್ಲಿ ಸಂಸತ್ತಿನಲ್ಲಿ 202ಕ್ಕೆ 432 ಮತಗಳಿಂದ ಬಿದ್ದುಹೋಯಿತು. ಮುಂದಿನ ಪ್ರಧಾನಿ ಬೋರಿಸ್ ಜಾನ್ಸನ್ ಗಡಿಯನ್ನು ಸಮುದ್ರಕ್ಕೆ ಸರಿಸಿದರು. ಅದರ ದುರಸ್ತಿಗೆ 2023ರ ವಿಂಡ್ಸರ್ ಒಡಂಬಡಿಕೆ ಬೇಕಾಯಿತು.

2021ರ ಜನವರಿ 1ರ ಹೊಸ ಒಪ್ಪಂದದಲ್ಲಿ ಸುಂಕ ಸೊನ್ನೆ. ಕಷ್ಟವೆಲ್ಲ ಸುಂಕದ ಆಚೆಗಿತ್ತು: ಕಸ್ಟಮ್ಸ್ ಡಿಕ್ಲರೇಷನ್, ಮಾಂಸಕ್ಕೆ ಪಶುವೈದ್ಯರ ಸರ್ಟಿಫಿಕೇಟು, ಸರಕು ಎಲ್ಲಿಯದೆಂಬುದಕ್ಕೆ ದಾಖಲೆ. ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಮಾರುವ ಪರ್ಸಿ ಪಿಗ್ ಎಂಬ ಹಂದಿಮೋರೆಯ ಮಿಠಾಯಿ ಜರ್ಮನಿಯಲ್ಲಿ ತಯಾರಾಗಿ, ಬ್ರಿಟನ್ನಿಗೆ ಸುಂಕವಿಲ್ಲದೆ ಬಂದು, ಅಲ್ಲಿಂದ ಐರ್ಲೆಂಡಿಗೆ ಹೊರಟರೆ ಸುಂಕ ಕಟ್ಟಬೇಕಾಯಿತು. ಬ್ರಿಟನ್ನಿನಲ್ಲಿ ಅದಕ್ಕೆ ಹೊಸದೇನೂ ಸೇರಿಲ್ಲವಲ್ಲ. ಸರಕಿನ ಮೂಲ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಕೊಡಗು, ಚಿಕ್ಕಮಗಳೂರಿನ ಕಾಳುಮೆಣಸು ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಎಂಬುದು ಅವರ ಹಳೆಯ ದೂರು. ಇತ್ತ ಬ್ರಿಟನ್ ತನ್ನ ಗಡಿಯ ಮೇಲೆ ತನ್ನದೇ ಹಿಡಿತ ಎಂದು ಸಾರಿಕೊಂಡೇ, ಒಳಬರುವ ಆಹಾರದ ತಪಾಸಣೆಯನ್ನು ಮುಂದೂಡುತ್ತ ಮುಂದೂಡುತ್ತ 2024ಕ್ಕೆ ತಂದಿತು. ಅಧಿಕಾರ ಪಡೆದದ್ದು ಬೇಗ, ಅದನ್ನು ಚಲಾಯಿಸುವ ಸಿಬ್ಬಂದಿ, ಶೆಡ್ಡು, ಕಂಪ್ಯೂಟರು ಸಿದ್ಧವಾದದ್ದು ತಡವಾಗಿ.

ನಷ್ಟವನ್ನು ಅಳೆಯುವ ವಿದ್ಯೆ ಬೆಳೆದದ್ದೂ ಈ ನೆಪದಲ್ಲೇ. ಬೇರೆ ದೇಶಗಳ ಅಂಕಿಅಂಶಗಳನ್ನು ಹದವಾಗಿ ಬೆರೆಸಿ, ಬಿಡದೆ ಉಳಿದಿದ್ದರೆ ಬ್ರಿಟನ್ ಹೇಗಿರುತ್ತಿತ್ತೋ ಅಂಥದೊಂದು ಕಾಲ್ಪನಿಕ ಬ್ರಿಟನ್ನನ್ನು ಕಟ್ಟಿ ನಿಜವಾದದ್ದಕ್ಕೆ ಹೋಲಿಸುವ ವಿಧಾನ ಹೆಚ್ಚು ಬಳಕೆಗೆ ಬಂತು. ಕೋವಿಡ್ ಮತ್ತು ಯುಕ್ರೇನ್ ಯುದ್ಧ ನಡುವೆ ಬಂದದ್ದರಿಂದ ಈ ಲೆಕ್ಕ ಕಲಸಿಹೋಗಿದೆ. ಬ್ರಿಟನ್ನಿನ ಅಧಿಕೃತ ಬಜೆಟ್ ಸಂಸ್ಥೆ ಒಬಿಆರ್, ದೀರ್ಘಾವಧಿಯಲ್ಲಿ ಉತ್ಪಾದಕತೆ 4 ಶೇಕಡಾ ಕಡಿಮೆಯಾಗುತ್ತದೆ ಎಂಬ ಅಂದಾಜಿಟ್ಟುಕೊಂಡಿದೆ. ಲಾಭದ ಕಾಲಂನಲ್ಲಿ ಬರೆಯುವಂಥದ್ದು ಏನೂ ಇಲ್ಲವೆಂದಲ್ಲ. 2025ರ ಜುಲೈ 24ರಂದು ಭಾರತದ ಜೊತೆ ಬ್ರಿಟನ್ ಮಾಡಿಕೊಂಡ ಒಪ್ಪಂದ ಒಕ್ಕೂಟದೊಳಗಿದ್ದರೆ ಅದಕ್ಕೆ ಸಾಧ್ಯವಿರಲಿಲ್ಲ. ಅಲ್ಪಾವಧಿಗೆ ಅಲ್ಲಿಗೆ ಹೋಗುವ ಭಾರತೀಯ ನೌಕರರು ಮೂರು ವರ್ಷ ಅಲ್ಲಿನ ಸಾಮಾಜಿಕ ಭದ್ರತಾ ವಂತಿಗೆ ಕಟ್ಟಬೇಕಿಲ್ಲ ಎಂಬ ಷರತ್ತು ಬೆಂಗಳೂರಿನ ಐಟಿ ಕಂಪನಿಗಳಿಗೆ ನೇರ ಅನುಕೂಲ. ಆದರೆ ದೂರದ ಮಾರುಕಟ್ಟೆಯ ಗಳಿಕೆ ಪಕ್ಕದ ಮಾರುಕಟ್ಟೆಯ ನಷ್ಟವನ್ನು ತುಂಬಿಕೊಟ್ಟೀತೆಂದು ನನಗನ್ನಿಸುವುದಿಲ್ಲ. 2025ರ ಮೇ ತಿಂಗಳಲ್ಲಿ ಸ್ವತಃ ಬ್ರಿಟನ್ನೇ ಆಹಾರ ತಪಾಸಣೆ ಸಡಿಲಿಸಿಕೊಳ್ಳಲು ಮತ್ತೆ ಯುರೋಪಿನ ಜೊತೆ ಮಾತಿಗೆ ಕೂತಿತು. ಅದೇ ಹೊತ್ತಿಗೆ 2038ರವರೆಗೆ ತನ್ನ ಮೀನಿನ ನೀರನ್ನು ಯುರೋಪಿಗೆ ತೆರೆದಿಡಲೂ ಒಪ್ಪಿತು.

ಈಗ ಅಧ್ಯಯನಕಾರರು ನೋಡಬೇಕಾದ ಕಡೆ ಪಶ್ಚಿಮ ಆಫ್ರಿಕಾ. ಸೇನಾಡಳಿತದ ಮಾಲಿ, ಬುರ್ಕಿನಾ ಫಾಸೊ, ನೈಜರ್ 1975ರಲ್ಲಿ ಹುಟ್ಟಿದ ಎಕೋವಾಸ್ ಒಕ್ಕೂಟವನ್ನು ಬಿಡುತ್ತೇವೆಂದು 2024ರ ಜನವರಿಯಲ್ಲಿ ಸಾರಿ, 2025ರ ಜನವರಿ 29ರಂದು ಹೊರಬಂದವು. ಮೂರಕ್ಕೂ ಸಮುದ್ರವಿಲ್ಲ. ಅವುಗಳ ಪಾಸ್‌ಪೋರ್ಟನ್ನೂ ಸರಕನ್ನೂ ಮುಂದಿನ ಸೂಚನೆಯವರೆಗೆ ಹಿಂದಿನಂತೆಯೇ ಕಾಣಬೇಕೆಂದು ಎಕೋವಾಸ್ ತನ್ನ ಸದಸ್ಯರಿಗೆ ಹೇಳಿತು. ಇನ್ನೊಂದು ಸೂಕ್ಷ್ಮವಿದೆ. ಸಿಎಫ್‌ಎ ಫ್ರಾಂಕ್ ಬಳಸುವ ದೇಶಗಳ ಒಳಕೂಟವಾದ ಯುಇಎಂಒಎಯನ್ನು ಈ ಮೂರೂ ಬಿಟ್ಟಿಲ್ಲ. ಅದಕ್ಕೆ ಅದರದೇ ಸುಂಕ ಒಕ್ಕೂಟವಿದೆ. ಐವರಿ ಕೋಸ್ಟ್, ಸೆನೆಗಲ್, ಟೋಗೊ, ಬೆನಿನ್ ಅದರೊಳಗಿವೆ. ಹಾಗಾಗಿ ಅಬಿಜಾನ್, ಲೋಮೆ ಬಂದರಿನ ದಾರಿಗೆ ಅಷ್ಟು ಪೆಟ್ಟಿಲ್ಲ. ಹೊರಗುಳಿದ ದೊಡ್ಡ ನೆರೆ ನೈಜೀರಿಯಾ. ನೈಜರಿನ ಅಲಸಂದೆ, ಜಾನುವಾರು ಹೆಚ್ಚಾಗಿ ಮಾರಾಟವಾಗುವುದು ಅಲ್ಲಿಯೇ. ಎರಡೂ ಕಡೆ ಹೌಸಾ ಮಾತಾಡುವ ವ್ಯಾಪಾರಿಗಳೇ ಇರುವ 1500 ಕಿಲೋಮೀಟರಿಗೂ ಉದ್ದದ ಆ ಗಡಿಯಲ್ಲಿ ಯಾರು ಯಾವ ಸುಂಕ ವಸೂಲಿ ಮಾಡುತ್ತಾರೆ ಎಂಬುದರ ಮೇಲೆ ಈ ನಿರ್ಗಮನದ ಬೆಲೆ ನಿಂತಿದೆ.