ತಂತ್ರಾಂಶಕ್ಕೊಂದು ಕೈಪಿಡಿ

ಹೊಲಿಗೆ ಯಂತ್ರ ಕೊಂಡವರಿಗೆ ಅದರೊಡನೆ ಒಂದು ಸಣ್ಣ ಪುಸ್ತಕವೂ ದೊರೆಯುತ್ತದೆ. ದಾರ ಪೋಣಿಸುವುದು ಹೇಗೆ, ಎಣ್ಣೆ ಬಿಡುವುದು ಎಲ್ಲಿ ಎಂಬ ವಿವರಗಳು ಅದರಲ್ಲಿರುತ್ತವೆ. ಗಣಕಯಂತ್ರದ ತಂತ್ರಾಂಶಕ್ಕೂ ಇಂಥ ಕೈಪಿಡಿ ಬೇಕು. ಆದರೆ ಆ ಕೈಪಿಡಿಯನ್ನು ತಿದ್ದುವ, ಹಂಚುವ ಹಕ್ಕು ಯಾರಿಗಿದೆ? ಈ ಪ್ರಶ್ನೆಯ ಹಿಂದೆ ಒಂದು ಸ್ವಾರಸ್ಯಕರ ಇತಿಹಾಸವಿದೆ.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ‘ಗ್ನೂ’ ಯೋಜನೆಯನ್ನು ಪ್ರಕಟಿಸಿದರು. ಯಾರು ಬೇಕಾದರೂ ಬಳಸಬಹುದಾದ, ಒಳರಚನೆಯನ್ನು ಓದಿ ತಿದ್ದಬಹುದಾದ, ಇತರರಿಗೆ ಹಂಚಬಹುದಾದ ತಂತ್ರಾಂಶವನ್ನು ಕಟ್ಟುವುದು ಅದರ ಗುರಿ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ‘ಲಿನಕ್ಸ್’ ಹೊರತಂದಾಗ ಈ ಚಳವಳಿಗೆ ಹೊಸ ಬಲ ಬಂದಿತು.

ಆದರೂ ಒಂದು ಕೊರತೆ ಉಳಿಯಿತು. ‘ಪರ್ಲ್’ ಎಂಬ ಗಣಕ ಭಾಷೆ ಎಲ್ಲರಿಗೂ ಮುಕ್ತವಾಗಿತ್ತು. ಅದನ್ನು ಕಲಿಸುವ ಒಳ್ಳೆಯ ಪುಸ್ತಕಗಳನ್ನು ಮಾತ್ರ ನಕಲು ಮಾಡುವಂತಿರಲಿಲ್ಲ, ತಿದ್ದುವಂತಿರಲಿಲ್ಲ. ತಂತ್ರಾಂಶ ಮೇಲಿಂದ ಮೇಲೆ ಬದಲಾಗುತ್ತದೆ. ಅದರೊಡನೆ ಕೈಪಿಡಿಯೂ ಬದಲಾಗದಿದ್ದರೆ ಓದುಗ ದಾರಿ ತಪ್ಪುತ್ತಾನೆ. ಆದ್ದರಿಂದ ಮುಕ್ತ ತಂತ್ರಾಂಶಕ್ಕೆ ಮುಕ್ತ ಕೈಪಿಡಿಯೇ ಬೇಕೆಂದು ಸ್ಟಾಲ್‌ಮನ್ ವಾದಿಸಿದರು. ಇದರ ಫಲವಾಗಿ 2000ದ ಮಾರ್ಚ್‌ನಲ್ಲಿ ಇಂಥ ಪುಸ್ತಕಗಳಿಗೆಂದೇ ‘ಗ್ನೂ ಮುಕ್ತ ದಾಖಲೆ ಪರವಾನಗಿ’ ರೂಪುಗೊಂಡಿತು.

ಈ ಪರವಾನಗಿಯ ನೆರಳು ಕನ್ನಡದ ಮೇಲೂ ಬಿದ್ದಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳು 2009ರವರೆಗೆ ಇದರಡಿಯಲ್ಲೇ ಪ್ರಕಟವಾದವು. ತಂತ್ರಾಂಶದ ಕೈಪಿಡಿಗೆಂದು ಹೊಲಿದ ಅಂಗಿ ವಿಶ್ವಕೋಶಕ್ಕೂ ಒಪ್ಪಿತು! 2011ರಲ್ಲಿ ‘ಸಂಚಯ’ ಬಳಗವು ಮುಕ್ತ ತಂತ್ರಾಂಶವನ್ನು ಕುರಿತ ಹಲವರ ಬರಹಗಳನ್ನು ‘ಅರಿವಿನ ಅಲೆಗಳು’ ಎಂಬ ವಿದ್ಯುನ್ಮಾನ ಪುಸ್ತಕವಾಗಿ ಹೊರತಂದಿತು.

ಇಂಥ ಪುಸ್ತಕ ಬರೆಯುವುದು ಸುಲಭವಲ್ಲ. ಪರದೆಯ ಮೇಲೆ ‘ಕಡತ’ ಎಂದಿದ್ದು, ಪುಸ್ತಕದಲ್ಲಿ ‘ಫೈಲು’ ಎಂದಿದ್ದರೆ ಹೊಸಬನು ತಡವರಿಸುತ್ತಾನೆ. ತಂತ್ರಾಂಶವನ್ನು ಕನ್ನಡಿಸುವವರೂ ಕೈಪಿಡಿ ಬರೆಯುವವರೂ ಮೊದಲು ಪದಗಳ ಬಗ್ಗೆ ಒಮ್ಮತಕ್ಕೆ ಬರಬೇಕು. ಬರೆದ ಪ್ರತಿ ಹೆಜ್ಜೆಯನ್ನೂ ಯಂತ್ರದ ಮುಂದೆ ಕುಳಿತು ಪರೀಕ್ಷಿಸಬೇಕು. ಹೊಸ ಆವೃತ್ತಿ ಬಂದಾಗ ಮತ್ತೆ ತಿದ್ದಬೇಕು.

ಕಾಗವಾಡ ತಾಲ್ಲೂಕಿನ ಐನಾಪುರದ ವಿದ್ಯಾರ್ಥಿಗೂ ಬೆಂಗಳೂರಿನ ಎಂಜಿನಿಯರಿಗೂ ಲಿನಕ್ಸ್ ನೀಡುವ ಹಕ್ಕು ಒಂದೇ. ಆದರೆ ಕೈಪಿಡಿ ತನಗೆ ತಿಳಿಯದ ಭಾಷೆಯಲ್ಲಿದ್ದರೆ ಆ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ಬೀಗ ತೆಗೆದ ಬಾಗಿಲನ್ನು ದೂಡಿ ತೆರೆಯುವ ಕೈಯೂ ಬೇಕಲ್ಲವೇ? ವಿದ್ಯಾರ್ಥಿ ಮಿತ್ರರೇ, ನೀವು ಕಲಿತ ಒಂದು ಪಾಠವನ್ನು ತಿಳಿಗನ್ನಡದಲ್ಲಿ ಬರೆದಿಟ್ಟರೂ ಆ ಕೆಲಸ ಆರಂಭವಾದಂತೆಯೇ.