ಸಾಂಬಾ

ಯುನಿಕ್ಸ್ ಅಥವಾ ಲಿನಕ್ಸ್ ನಡೆಯುವ ಗಣಕದ ಕಡತಗಳನ್ನೂ ಪ್ರಿಂಟರುಗಳನ್ನೂ ವಿಂಡೋಸ್ ಗಣಕಗಳಿಗೆ ಒದಗಿಸುವ ಮುಕ್ತ ಸರ್ವರ್ ತಂತ್ರಾಂಶ. ಗಣಕಗಳು ಪರಸ್ಪರ ಕಡತ ಕೇಳುವ, ಕೊಡುವ ಕ್ರಮವನ್ನು ಗೊತ್ತುಪಡಿಸುವ ನಿಯಮಾವಳಿಗೆ ಪ್ರೋಟೋಕಾಲ್ ಎಂದು ಹೆಸರು. ಸಾಂಬಾ ಅನುಸರಿಸುವ ಎಸ್‌ಎಂಬಿ ಪ್ರೋಟೋಕಾಲನ್ನು 1980ರ ದಶಕದ ಆರಂಭದಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ರೂಪಿಸಿದರು, ಮುಂದೆ ಮೈಕ್ರೋಸಾಫ್ಟ್ ಬೆಳೆಸಿತು.

ಸಾಂಬಾ ಲಿನಕ್ಸ್‌ಗಾಗಿಯೇ ಹುಟ್ಟಿತೆಂಬ ತಿಳಿವಳಿಕೆ ಸರಿಯಲ್ಲ. ಕ್ಯಾನ್ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್, ಡಿಜಿಟಲ್ ಕಂಪನಿಯ ಪಾತ್‌ವರ್ಕ್ಸ್ ತಂತ್ರಾಂಶವಿದ್ದ ಡಾಸ್ ಗಣಕಕ್ಕೆ ಸನ್ ಕಂಪನಿಯ ಯುನಿಕ್ಸ್ ಯಂತ್ರದ ಕಡತಗಳು ಸಿಗುವಂತೆ ಮಾಡಲು ಇದನ್ನು ಬರೆದರು. ಮೊದಲ ಆವೃತ್ತಿ ಹೊರಬಂದದ್ದು 1992ರ ಜನವರಿಯಲ್ಲಿ. ತಾವು ಅನುಕರಿಸಿದ್ದು ಎಸ್‌ಎಂಬಿ ಎಂಬುದು ಆಗ ಅವರಿಗೇ ತಿಳಿದಿರಲಿಲ್ಲ. ಸುಮಾರು ಎರಡು ವರ್ಷ ಬದಿಗೆ ಬಿದ್ದಿದ್ದ ಕೆಲಸ 1993ರ ಕೊನೆಯಲ್ಲಿ ಲಿನಕ್ಸ್ ಮತ್ತು ವಿಂಡೋಸ್‌ಗಳನ್ನು ಜೋಡಿಸುವ ಅಗತ್ಯದಿಂದ ಮತ್ತೆ ಆರಂಭವಾಯಿತಾದ್ದರಿಂದ, ಈ ಎರಡನೆಯ ಆರಂಭವನ್ನೇ ಮೊದಲನೆಯದೆಂದು ಎಣಿಸುವ ಗೊಂದಲ ಉಂಟಾಗಿರಬಹುದು. ಹೆಸರಿಗೂ ಸಾಂಬಾ ನೃತ್ಯಕ್ಕೂ ನೇರ ಸಂಬಂಧವಿಲ್ಲ: ಹಿಂದಿನ ‘ಎಸ್‌ಎಂಬಿಸರ್ವರ್’ ಎಂಬ ಹೆಸರು ಬೇರೊಂದು ಕಂಪನಿಯ ವ್ಯಾಪಾರಮುದ್ರೆಯಾಗಿದ್ದುದರಿಂದ, ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ಗಣಕದ ಪದಪಟ್ಟಿಯಲ್ಲಿ ಹುಡುಕಿ ಆರಿಸಿಕೊಳ್ಳಲಾಯಿತು.

ಮೈಕ್ರೋಸಾಫ್ಟ್‌ನ ತಂತ್ರಾಂಶವನ್ನು ಬಿಚ್ಚಿ ನೋಡಿ ಸಾಂಬಾ ಬರೆಯಲಾಯಿತೆಂಬುದು ಇನ್ನೊಂದು ತಪ್ಪು ಕಲ್ಪನೆ. ಅದರ ರಚನಾಕಾರರು ನೆಚ್ಚಿಕೊಂಡದ್ದು ಜಾಲದಲ್ಲಿ ಹರಿಯುವ ಸಂದೇಶಗಳನ್ನು ಗಮನಿಸಿ, ತಾವೇ ಸಂದೇಶ ಕಳಿಸಿ, ಬಂದ ಉತ್ತರದಿಂದ ನಿಯಮವನ್ನು ಊಹಿಸುವ ವಿಧಾನವನ್ನು. ಪರಭಾಷೆಯವರ ನಡುವೆ ಕುಳಿತು, ಆಡುವ ಮಾತನ್ನು ಕೇಳಿ ಕೇಳಿಯೇ ಭಾಷೆ ಕಲಿಯುವ ಶ್ರಮಕ್ಕೆ ಇದನ್ನು ಹೋಲಿಸುವುದುಂಟು.

1999ರ 2.0 ಮತ್ತು 2003ರ 3.0 ಆವೃತ್ತಿಗಳು ಬಳಕೆಯನ್ನು ಹಿಗ್ಗಿಸಿದವಾದರೂ, ದೊಡ್ಡ ತಿರುವು ಒದಗಿದ್ದು ನ್ಯಾಯಾಲಯದಿಂದ. ಇತರರ ಸರ್ವರ್‌ಗಳು ವಿಂಡೋಸ್‌ನೊಡನೆ ವ್ಯವಹರಿಸಲು ಬೇಕಾದ ಮಾಹಿತಿಯನ್ನು ಮೈಕ್ರೋಸಾಫ್ಟ್ ಒದಗಿಸಬೇಕೆಂದು ಯುರೋಪಿಯನ್ ಕಮಿಷನ್ 2004ರಲ್ಲಿ ಆದೇಶಿಸಿತು; ಕಮಿಷನ್ನಿನ ಪರವಾಗಿ ಸಾಂಬಾ ತಂಡದವರೂ ವಿವರಣೆ ನೀಡಿದ ಮೊಕದ್ದಮೆಯಲ್ಲಿ 2007ರ ಸೆಪ್ಟೆಂಬರಿನಲ್ಲಿ ಆ ಆದೇಶ ಮುಖ್ಯಾಂಶಗಳಲ್ಲಿ ಊರ್ಜಿತವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಸಾಂಬಾ ಪರವಾಗಿ ಒಪ್ಪಂದ ಮಾಡಿಕೊಂಡ ಪ್ರತಿಷ್ಠಾನವು ಒಂದೇ ಕಂತಿನಲ್ಲಿ 10,000 ಯೂರೋ ತೆತ್ತು ಪ್ರೋಟೋಕಾಲ್ ದಾಖಲೆಗಳನ್ನು ಪಡೆಯಿತು. ಹದಿನೈದು ವರ್ಷ ಊಹೆಯಿಂದ ಕಟ್ಟಿದ ಜ್ಞಾನಕ್ಕೆ ಲಿಖಿತ ಆಧಾರ ಸಿಕ್ಕಿದ್ದು ಆಗಲೇ. ಬಳಕೆದಾರರ ಮತ್ತು ಗಣಕಗಳ ವಿವರವನ್ನು ಒಂದೆಡೆ ಇರಿಸುವ ಆಕ್ಟಿವ್ ಡೈರೆಕ್ಟರಿ ವ್ಯವಸ್ಥೆಯನ್ನು ಸ್ವತಃ ನಡೆಸಬಲ್ಲ 4.0 ಆವೃತ್ತಿ 2012ರ ಡಿಸೆಂಬರಿನಲ್ಲಿ ಬಂದಿತು. ಭದ್ರತೆಯಲ್ಲಿ ದುರ್ಬಲವಾದ ಹಳೆಯ ಎಸ್‌ಎಂಬಿ1 ಅನ್ನು 2019ರ 4.11 ಆವೃತ್ತಿಯಿಂದ ಸಾಂಬಾ, ಬಳಕೆದಾರರು ತಾವಾಗಿ ಬಯಸಿದ ಹೊರತು, ಸ್ವೀಕರಿಸುವುದಿಲ್ಲ.