ರಸಾಯನಶಾಸ್ತ್ರ ಪದವಿ ಅಧ್ಯಯನ: ಪುತ್ತೂರು, ಸುಳ್ಯ, ಕಡಬ ಮತ್ತು ಜರ್ಮನಿಯ ದಾರಿ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ರಸಾಯನಶಾಸ್ತ್ರ ಓದುವವರು ಸಾಮಾನ್ಯವಾಗಿ ಬಿ.ಎಸ್ಸಿ.ಯ ಐಚ್ಛಿಕ ವಿಷಯಗಳಲ್ಲಿ ಒಂದಾಗಿ ಅದನ್ನು ಆರಿಸಿಕೊಳ್ಳುತ್ತಾರೆ. ಭೌತಶಾಸ್ತ್ರ, ಗಣಿತದ ಜೊತೆಗೆ ಓದಿದರೆ ಪಿಸಿಎಂ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಜೊತೆಗೆ ಓದಿದರೆ ಸಿಬಿಝಡ್. ಜರ್ಮನಿಯ ವಿಶ್ವವಿದ್ಯಾನಿಲಯದಲ್ಲಿ ಹಾಗಲ್ಲ. ಅಲ್ಲಿ ಸೇರಿದ ದಿನದಿಂದಲೇ ರಸಾಯನಶಾಸ್ತ್ರವೊಂದೇ ಪ್ರಧಾನ ವಿಷಯ. ಗಣಿತ, ಭೌತಶಾಸ್ತ್ರಗಳು ಅದಕ್ಕೆ ಊರುಗೋಲು. ಎರಡೂ ಕಡೆ ಪದವಿಗೆ ಮೂರು ವರ್ಷ, ಆರು ಸೆಮಿಸ್ಟರ್.

ಕಾಲೇಜುಗಳು

ಈ ಭಾಗದ ಹಳೆಯ ಪದವಿ ಕಾಲೇಜು ಪುತ್ತೂರು ದರ್ಬೆಯ ಸಂತ ಫಿಲೋಮಿನಾ ಕಾಲೇಜು. ಮೊನ್ಸಿಂಜೊರ್ ಆಂಟನಿ ಪತ್ರಾವೊ ಅದನ್ನು 1958ರಲ್ಲಿ ಸ್ಥಾಪಿಸಿದರು. 1965ರಲ್ಲಿ ನೆಹರುನಗರದ ವಿವೇಕಾನಂದ ಕಾಲೇಜು ಆರಂಭವಾಯಿತು. ಸುಳ್ಯದ ಕುರುಂಜಿಬಾಗ್‌ನಲ್ಲಿ ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜು ಕಟ್ಟಿದರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಇವೆಲ್ಲ ಅದರ ವ್ಯಾಪ್ತಿಗೆ ಬಂದವು. ಪುತ್ತೂರಿನ ಈ ಎರಡು ಕಾಲೇಜುಗಳು ಈಚೆಗೆ ಸ್ವಾಯತ್ತವಾಗಿವೆ. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಬೇರ್ಪಡಿಸಿ ರಚಿಸಿದ ಕಡಬ ಹೊಸ ತಾಲೂಕು. ಅಲ್ಲಿಯ ಎಷ್ಟೋ ಮಕ್ಕಳು ವಿಜ್ಞಾನ ಓದಲು ಬೆಳಗ್ಗೆ ಬೇಗನೆ ಬಸ್ಸು ಹತ್ತಿ ಪುತ್ತೂರಿಗೋ ನೆರೆಯ ಬೆಳ್ತಂಗಡಿ ತಾಲೂಕಿನ ಉಜಿರೆಗೋ ಹೋಗಬೇಕು.

ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ರಾಜ್ಯ ಸರ್ಕಾರ 2024–25ರಲ್ಲಿ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ನಡುವಿನ ಬ್ಯಾಚುಗಳ ವಿದ್ಯಾರ್ಥಿಗಳು ಪಟ್ಟ ಗೊಂದಲ ಸಣ್ಣದಲ್ಲ.

ಮನೆಯಲ್ಲಿ ತುಳು, ಅರೆಭಾಷೆ, ಹವಿಗನ್ನಡ, ಬ್ಯಾರಿ ಅಥವಾ ಮಲಯಾಳ ಮಾತಾಡಿ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪಿಯುಸಿಯಲ್ಲಿ ವಿಜ್ಞಾನ ಒಮ್ಮೆಲೇ ಇಂಗ್ಲಿಷಾಗುತ್ತದೆ. ಪದವಿಯ ಲ್ಯಾಬ್‌ನಲ್ಲಿ ಈ ತೊಡಕು ತುಸು ಸಡಿಲವಾಗುತ್ತದೆ. ಟೈಟ್ರೇಶನ್‌ನಲ್ಲಿ ಬ್ಯುರೆಟ್ಟಿನಿಂದ ಕೊನೆಯ ಹನಿ ಬಿದ್ದು ಫಿನಾಲ್ಫ್ತಲೀನ್ ಬಣ್ಣ ತಿರುಗಿದ್ದನ್ನು ಗುರುತಿಸಲು ಭಾಷೆಯ ಹಂಗಿಲ್ಲ. ಲವಣದ ವಿಶ್ಲೇಷಣೆಯಲ್ಲಿ ನೈಟ್ರೇಟಿನ ಕಂದು ಉಂಗುರ ಮೂಡಿದರೆ ಮೂಡಿತು, ಇಲ್ಲವಾದರೆ ಇಲ್ಲ. ಈ ಪದವಿಯ ಜೀವಾಳ ಇರುವುದು ಇಲ್ಲಿ, ನೋಟ್ಸಿನಲ್ಲಿ ಅಲ್ಲ.

ಹೀಗೆ ಲ್ಯಾಬ್‌ನಲ್ಲಿ ಕೈಯಾರೆ ಮಾಡಿ ಕಲಿಯುವ ಪದ್ಧತಿ ಬೇರೂರಿದ್ದು ಜರ್ಮನಿಯಲ್ಲೇ. 1824ರಲ್ಲಿ ಗೀಸೆನ್‌ನಲ್ಲಿ ಪ್ರಾಧ್ಯಾಪಕರಾದ ಯುಸ್ಟುಸ್ ಫಾನ್ ಲೀಬಿಗ್ ವಿದ್ಯಾರ್ಥಿಗಳನ್ನು ಪ್ರಯೋಗಕ್ಕೆ ನಿಲ್ಲಿಸಿ ಕಲಿಸಿದರು. ಪುತ್ತೂರಿನ ಲ್ಯಾಬ್‌ನಲ್ಲಿರುವ ಬುನ್ಸನ್ ಬರ್ನರ್, ಲೀಬಿಗ್ ಕಂಡೆನ್ಸರ್, ಬುಖ್ನರ್ ಫನೆಲ್ ಎಲ್ಲವೂ ಜರ್ಮನ್ ರಸಾಯನಶಾಸ್ತ್ರಜ್ಞರ ಹೆಸರು ಹೊತ್ತವು. ಫಿನಾಲ್ಫ್ತಲೀನನ್ನು 1871ರಲ್ಲಿ ಮೊದಲು ತಯಾರಿಸಿದವರೂ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್.

ತೋಟದ ರಸಾಯನಶಾಸ್ತ್ರ

ಈ ಮೂರು ತಾಲೂಕುಗಳ ಬೆಳೆಗಳನ್ನು ನೋಡಿದರೆ ಪಠ್ಯದ ಅರ್ಧ ಭಾಗ ತೋಟದಲ್ಲೇ ಇದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬಿಡುವ ಮದ್ದು ಬೋರ್ಡೋ ದ್ರಾವಣ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಆಮೇಲೆ ಬೆರೆಸುತ್ತಾರೆ. ಹದ ಬಂತೋ ಇಲ್ಲವೋ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ತುಸು ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿಗೆ ಕೆಂಪು ಲೇಪ ಹಿಡಿದಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಕಬ್ಬಿಣ ಕರಗಿ, ದ್ರಾವಣದಲ್ಲಿ ಉಳಿದಿದ್ದ ತಾಮ್ರ ಲೋಹವಾಗಿ ಅಲಗಿನ ಮೇಲೆ ಕೂತಿರುತ್ತದೆ. ತರಗತಿಯಲ್ಲಿ ಪಲ್ಲಟ ಕ್ರಿಯೆ ಎಂದು ಬರೆಸುವುದು ಇದನ್ನೇ. ಮೈಸೂರು ಸಂಸ್ಥಾನದ ಮಲೆನಾಡಿನಲ್ಲಿ ಕೊಳೆರೋಗವನ್ನು ಅಭ್ಯಸಿಸಿ ಈ ಮದ್ದನ್ನು ಬಳಕೆಗೆ ತಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಡಾಕ್ಟರೇಟ್ ಪಡೆದದ್ದು ಜರ್ಮನಿಯ ಗಟಿಂಗನ್‌ನಲ್ಲಿ.

ಅಡಿಕೆಯ ಆಲ್ಕಲಾಯ್ಡ್ ಆದ ಅರೆಕೊಲಿನ್ ಅನ್ನು 1888ರಲ್ಲಿ ಬೇರ್ಪಡಿಸಿದ ಯಾನ್ಸ್ ಕೂಡ ಜರ್ಮನಿಯವರು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಳ್ಳದವರು ಈ ಊರುಗಳಲ್ಲಿ ಕಡಿಮೆ. ಅದಕ್ಕೆ ಕಾರಣವಾದ ಅನಕಾರ್ಡಿಕ್ ಆಮ್ಲ ಬಿಸಿಗೆ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಕಾರ್ಡನಾಲ್ ಆಗುತ್ತದೆ. ವಾಹನಗಳ ಬ್ರೇಕ್ ಲೈನಿಂಗಿಗೂ ಬಣ್ಣಗಳಿಗೂ ಅದು ಬೇಕು. ಸುಳ್ಯದ ಕಡೆ ರಬ್ಬರ್ ಹಾಲನ್ನು ಫಾರ್ಮಿಕ್ ಆಮ್ಲ ಹಾಕಿ ಹೆಪ್ಪುಗಟ್ಟಿಸಿ ಶೀಟ್ ಮಾಡುತ್ತಾರೆ. ಆ ರಬ್ಬರ್ ಉದ್ದನೆಯ ಸರಪಳಿಯಂಥ ಬೃಹದಣುಗಳಿಂದಾದದ್ದು ಎಂದು 1920ರಿಂದ ವಾದಿಸಿದ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಅವರಿಗೆ 1953ರಲ್ಲಿ ನೊಬೆಲ್ ಬಂತು. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ, ಕೆಮ್ಮಿಂಜೆಯಲ್ಲಿ 1986ರಿಂದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆಯಿದೆ. ಇಷ್ಟೆಲ್ಲ ಹತ್ತಿರವಿರುವಾಗ ಬಿ.ಎಸ್ಸಿ. ಪ್ರಾಜೆಕ್ಟುಗಳು ಇವನ್ನೇ ವಸ್ತುವಾಗಿಸಿಕೊಳ್ಳಬೇಕು. ಗೇರುಸಿಪ್ಪೆಯ ಎಣ್ಣೆಗಿಂತ ಒಳ್ಳೆಯ ಸಾವಯವ ರಸಾಯನಶಾಸ್ತ್ರದ ಪಾಠ ಇಲ್ಲಿ ಸಿಗಲಿಕ್ಕಿಲ್ಲ.

ಜರ್ಮನಿಗೆ ಹೋಗುವವರಿಗೆ

ಕೇವಲ ಪಿಯುಸಿ ಮುಗಿಸಿದವರಿಗೆ ಅಲ್ಲಿ ಸಾಮಾನ್ಯವಾಗಿ ನೇರ ಪ್ರವೇಶವಿಲ್ಲ. ಸ್ಟುಡಿಯೆನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ಕೋರ್ಸ್ ಮುಗಿಸಿ ಅದರ ಪರೀಕ್ಷೆ ಪಾಸಾಗಬೇಕು. ಜೆಇಇ ಅಡ್ವಾನ್ಸ್‌ಡ್ ತೇರ್ಗಡೆಯಾಗುವುದು ಇನ್ನೊಂದು ದಾರಿ. ಭಾರತದ ಮಾನ್ಯ ಸಂಸ್ಥೆಯಲ್ಲಿ ಪದವಿಯ ಮೊದಲ ವರ್ಷ ಪಾಸಾಗಿ ಅದೇ ವಿಷಯಕ್ಕೆ ಅರ್ಜಿ ಹಾಕುವ ದಾರಿಯೂ ಇದೆ, ಪುತ್ತೂರು, ಸುಳ್ಯದ ವಿದ್ಯಾರ್ಥಿಗಳಿಗೆ ಹೆಚ್ಚು ಹೊಂದುವುದು ಅದೇ. 2022ರ ನವೆಂಬರ್‌ನಿಂದ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ.

ಬ್ಯಾಚುಲರ್ ಪಾಠಗಳು ಬಹುತೇಕ ಜರ್ಮನ್‌ನಲ್ಲೇ ನಡೆಯುವುದರಿಂದ ಆ ಭಾಷೆಯನ್ನು ಮೇಲ್ಮಟ್ಟದವರೆಗೆ ಕಲಿಯದೆ ಹೋಗುವಂತಿಲ್ಲ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಅದಕ್ಕೆ ತರಗತಿಗಳಿವೆ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿನ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕೊಡಬೇಕು, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾನಿಲಯವೂ ಈಚೆಗೆ ಶುಲ್ಕ ವಿಧಿಸಿದೆ. ನಿಜವಾದ ಭಾರ ಜೀವನ ವೆಚ್ಚದ್ದು. 2024ರ ಸೆಪ್ಟೆಂಬರ್‌ನಿಂದ ವೀಸಾಕ್ಕೆ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಇಂತಿಷ್ಟೇ ಹಣ ತೆಗೆಯಬಹುದಾದ ಖಾತೆ) ತೋರಿಸಬೇಕಾಗಿದೆ. ಅಡಿಕೆ ಧಾರಣೆ ನಂಬಿ ಬದುಕುವ ಸಣ್ಣ ಕೃಷಿಕರ ಮನೆಗೆ ಇದು ದೊಡ್ಡ ಮೊತ್ತ.

ಅದಕ್ಕಾಗಿಯೇ ಊರಲ್ಲಿ ಬಿ.ಎಸ್ಸಿ. ಮುಗಿಸಿ, ಇಂಗ್ಲಿಷ್ ಮಾಧ್ಯಮದ ಕೋರ್ಸುಗಳು ಹೆಚ್ಚಿರುವ ಎಂ.ಎಸ್ಸಿ.ಗೆ ಅಲ್ಲಿಗೆ ಹೋಗುವುದು ಹಲವರಿಗೆ ವಿವೇಕದ ಆಯ್ಕೆ. ಹೋಗದವರಿಗೆ ಮಂಗಳೂರು ವಿಶ್ವವಿದ್ಯಾನಿಲಯದ ಮಂಗಳಗಂಗೋತ್ರಿ ಆವರಣದಲ್ಲಿ ಎಂ.ಎಸ್ಸಿ. ಇದೆ. ಪಣಂಬೂರಿನ ರಸಗೊಬ್ಬರ ಕಾರ್ಖಾನೆ, ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ಸುರತ್ಕಲ್ ಬಳಿಯ ಬಾಳದಲ್ಲಿರುವ ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನ ಘಟಕ, ಇವು ರಸಾಯನಶಾಸ್ತ್ರ ಓದಿದವರಿಗೆ ಕೆಲಸ ಇರುವ ಹತ್ತಿರದ ಜಾಗಗಳು.